ನಟ್ಟಿನ ಮೇಲೆ ಎರಡನೆಯ ಗೆರೆ

"ಬಾಗಿಲು ಮುಚ್ಚಬೇಡಿ," ಎಂದಳು ಶ್ರೀಲತಾ.

ಮೆಟ್ಟಿಲ ಮೇಲೆ ನಿಂತಿದ್ದ ಆಸ್ವಾಲ್ಡ್ ಕೈ ಹಿಂದಕ್ಕೆಳೆದುಕೊಂಡ. "ನಾನು ಮುಚ್ಚುದಿಲ್ಲ ಮಾರಾಯ್ರೆ. ನಿಮಗಿಂತ ಹೆಚ್ಚು ಹೆದರಿಕೆ ನನಗೆ ಉಂಟು."

ಲಂಡನ್ನಿನ ಹೌನ್ಸ್ಲೋದ ಆ ಮನೆಯ ಹಿತ್ತಲ ತುದಿಯಲ್ಲಿ, ಯುದ್ಧದ ಕಾಲದಲ್ಲಿ ಬಾಂಬಿಗೆ ಹೆದರಿ ಯಾರೋ ಕಟ್ಟಿಸಿದ ಅಡಗುಕೋಣೆ ಅದು. ಅರ್ಧ ನೆಲದೊಳಗೆ, ಅರ್ಧ ಹೊರಗೆ. ಐದು ಮೆಟ್ಟಿಲು ಇಳಿದರೆ ಇಟ್ಟಿಗೆಯ ಗೋಡೆ, ತಗ್ಗು ಸೂರು, ಆಗಸ್ಟಿನಲ್ಲೂ ಕಾಲು ಕೊರೆಯುವ ನೆಲ. ಕ್ರಿಸ್ಟೋಫರ್ ಅದನ್ನು ತನ್ನ ಬಿಯರ್ ಕೋಣೆ ಮಾಡಿಕೊಂಡಿದ್ದ.

ನಿನ್ನೆ ಶುಕ್ರವಾರ ಬೆಳಗ್ಗೆ ಏಳಕ್ಕೆ ಅವನ ಹೆಂಡತಿ ಮೆಟಿಲ್ಡಾ ಬಂದು ನೋಡಿದಾಗ ಅವನು ಇಲ್ಲೇ ಬೋರಲು ಬಿದ್ದಿದ್ದ. ಕಾಲು ನೆಲದ ಮೇಲೆ, ತಲೆ ಮೂರನೆಯ ಮೆಟ್ಟಿಲ ಮೇಲೆ. ರಾತ್ರಿ ಗ್ಯಾಸು ತೆರೆದಿಟ್ಟು ಹೋದವನು ಬೆಳಗ್ಗೆ ಮತ್ತೆ ಇಳಿದಿರಬೇಕು. ರಾತ್ರಿಯಿಡೀ ಸಿಲಿಂಡರಿನಿಂದ ಸೋರಿದ್ದು ಬಿಯರಿಗೆ ನೊರೆ ಕೊಡುವ ಕಾರ್ಬನ್ ಡೈಆಕ್ಸೈಡ್, ಗಾಳಿಗಿಂತ ಭಾರದ ಗ್ಯಾಸು. ಬಾವಿಯ ನೀರಿನ ಹಾಗೆ ತಳದಲ್ಲಿ ತುಂಬಿ ನಿಂತಿತ್ತು. ಇನ್ನೆರಡು ಮೆಟ್ಟಿಲು ಕೆಳಗೆ ಬಿದ್ದಿದ್ದರೆ ಸತ್ತೇ ಹೋಗುತ್ತಿದ್ದ. ಈಗ ಆಸ್ಪತ್ರೆಯಲ್ಲಿದ್ದಾನೆ. ಕಣ್ಣು ಬಿಟ್ಟಿಲ್ಲ.

ಪೊಲೀಸರು ನಿನ್ನೆ ಬಂದು ಅಪಘಾತವೆಂದು ಬರೆದುಕೊಂಡು ಹೋಗಿದ್ದರು. ಆಮೇಲೆ ಮಗಳು ಮಿಶೆಲ್ ಅವರಿಗೆ ಫೋನು ಮಾಡಿ, ಗ್ಯಾಸು ಜೋಡಿಸಿದವನು ಆಸ್ವಾಲ್ಡ್ ಅಂಕಲ್, ಡ್ಯಾಡಿಯ ಮೇಲೆ ಅವನಿಗೆ ಇಪ್ಪತ್ತೈದು ವರ್ಷದ ಹೊಟ್ಟೆಕಿಚ್ಚು ಎಂದು ಹೇಳಿದ್ದಳು. ಇವತ್ತು ಮೂರಕ್ಕೆ ಅವರು ಮತ್ತೆ ಬರುವವರಿದ್ದರು. ಸಿಲಿಂಡರ್ ಪರೀಕ್ಷಿಸಲೂ ಆಸ್ವಾಲ್ಡ್‌ನನ್ನು ವಿಚಾರಿಸಲೂ ಅದೇ ವೇಳೆ ಕೊಟ್ಟಿದ್ದರು.

ಈಗ ಎರಡು ದಾಟಿತ್ತು.

ಶ್ರೀಲತಾಳ ಪತ್ತೇದಾರಿ ಆಫೀಸು ಕಿಂಗ್ಸ್‌ಬರಿಯಲ್ಲಿ, ಸೀರೆ ಅಂಗಡಿಯೊಂದರ ಮಹಡಿಯಲ್ಲಿ. ಊರಿನ ತಂದೆತಾಯಿಗಳು ಅವಳಿಗೆ ಫ್ಯಾಕ್ಸ್ ಕಳಿಸುತ್ತಿದ್ದರು. ಮಗಳಿಗೆ ನೋಡಿದ ಹುಡುಗ ಹೇಳಿದ ಕಡೆಯೇ ಕೆಲಸ ಮಾಡುತ್ತಾನೆಯೇ, ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದಾನೆಯೇ, ಬಚ್ಚಲುಮನೆಯಲ್ಲಿ ಎಷ್ಟು ಟೂತ್‌ಬ್ರಶ್ಶುಗಳಿವೆ. ಹನ್ನೊಂದು ವರ್ಷದಿಂದ ಬೇರೆಯವರ ಅನುಮಾನದಲ್ಲಿ ಅನ್ನ ಉಂಡವಳು. ತನ್ನ ಸ್ವಂತ ಅನುಮಾನಕ್ಕೆ ಮಾತ್ರ ಯಾವತ್ತೂ ಕೆಲಸಕ್ಕೆ ಇಳಿದಿರಲಿಲ್ಲ.

ಈ ಸಲ ಇಳಿದಿದ್ದಳು. ಅವಳ ಗಂಡ ಉದಯಶಂಕರ್ ಧಾರವಾಡದವನು, ಆಪರೇಶನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಎರಡು ವರ್ಷದಿಂದ ಪ್ರತಿ ಗುರುವಾರ ಸಂಜೆ ಕ್ರಿಸ್ಟೋಫರ್ ಜೊತೆ ಬಿಯರ್ ಮಾಡಲು ಇಲ್ಲಿಗೆ ಬರುತ್ತಿದ್ದ. ಮನೆಗೆ ಮರಳಿದ ಮೇಲೆ ಬಿಯರಿನ ಮಾತು ಐದು ನಿಮಿಷ, ಮೆಟಿಲ್ಡಾಳ ನೀರುದೋಸೆಯ ಮಾತು ಅರ್ಧ ಗಂಟೆ. ನಿನ್ನೆ ಮಧ್ಯಾಹ್ನ ಮೆಟಿಲ್ಡಾ ಫೋನಿನಲ್ಲಿ ಅತ್ತು "ನೀವೊಮ್ಮೆ ಬಂದು ನೋಡಿ ಶ್ರೀಲತಾ" ಎಂದಾಗ ಅವಳು ಹೂಂ ಅಂದದ್ದು ಕನಿಕರದಿಂದಲ್ಲ. ಆ ಅಡುಗೆಮನೆಯನ್ನೊಮ್ಮೆ ಕಣ್ಣಾರೆ ನೋಡಬೇಕಿತ್ತು.

ನೋಡಿಯೂ ಆಗಿತ್ತು. ತೊಳೆದು ಒರೆಸಿಟ್ಟ ಕಾವಲಿ. ಕಿಟಕಿಯಲ್ಲಿ ತುಳಸಿಯಲ್ಲ, ಪುದೀನದ ಕುಂಡ. ಕೊಕ್ಕೆಯಲ್ಲಿ ತೂಗುವ ಚಹಾದ ಕಪ್ಪುಗಳು, ಐದು ಬಿಳಿ, ಒಂದು ನೀಲಿ. ಆ ಮನೆಗೆ ಕಾಲಿಡುವಾಗ ತಾನೂ ಅಚ್ಚುಕಟ್ಟಾಗಿ ಕಾಣಬೇಕೆಂದು ಶ್ರೀಲತಾಳಿಗೆ ಆಸೆಯಿತ್ತು. ಆದರೆ ಉಗುರಿನ ಬಣ್ಣವೆಲ್ಲ ಅಲ್ಲಲ್ಲಿ ಎದ್ದಿತ್ತು. ಅಕ್ಕ ಮೈಸೂರಿನಿಂದ ಕಳಿಸಿದ, ಚಿನ್ನದ ಪುಡಿ ಬೆರೆತ ಕಂದುಗೆಂಪು. ಹಳೆಯ ಬ್ರಶ್ಶು ನಡುವೆ ಸೀಳಿಕೊಂಡಿದ್ದರಿಂದ ಪ್ರತಿ ಉಗುರಿನ ಮಧ್ಯೆ ಕೂದಲೆಳೆಯಷ್ಟು ಬರಿಜಾಗ. ಸರಿಮಾಡಿಕೊಳ್ಳೋಣವೆಂದರೆ ನಿನ್ನೆ ರಾತ್ರಿ ಬಾಟಲಿಯೇ ಸಿಗಲಿಲ್ಲ. ತೆಗೆದೇಬಿಡೋಣವೆಂದು ಬೆಳಗ್ಗೆ ರಿಮೂವರ್ ಕೊಂಡು ಬ್ಯಾಗಿಗೆ ಹಾಕಿಕೊಂಡಿದ್ದಳು. ಅದಕ್ಕೂ ಪುರಸೊತ್ತಾಗಿರಲಿಲ್ಲ.

"ಮೊದಲು ಕೆಗ್ಗುಗಳನ್ನ ತೋರಿಸಿ," ಎಂದಳು. "ಇದ್ದ ಬಾಯಿ ಕಿತ್ತು ಬೇರೆ ಬಾಯಿ ಕೂರಿಸಿದವರು ನೀವು. ಸೋರಿದ್ದು ಅಲ್ಲಿಂದಲೇ ಅಂತಾಳೆ ಮಿಶೆಲ್."

"ಸೋರಿದ್ದರೆ ನೊರೆ ಹೇಳ್ತದೆ. ನನ್ನ ಬಾಯಿ ಯಾಕೆ?"

ಆಸ್ವಾಲ್ಡ್‌ಗೆ ಐವತ್ತೆರಡು. ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಮಾಡುವ ಮೆಕ್ಯಾನಿಕ್ಕು. ಉದ್ದ ಕೈ, ಸಣ್ಣ ತಲೆ, ಶನಿವಾರವೂ ಇಸ್ತ್ರಿ ಮಾಡಿದ ಶರ್ಟು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಪಿಚಕಾರಿ ಬಾಟಲಿಗೆ ತುಂಬಿ ತಂದಿದ್ದ. ಗೋಡೆಗೊರಗಿದ್ದ ಮೂರು ಕೆಗ್ಗುಗಳ ಮುಂದೆ ಮಂಡಿಯೂರಿ ಕೂತ.

ತಂಪು ಪಾನೀಯದ ಕಂಪನಿಗಳು ಬಿಸಾಕಿದ ಹಳೆಯ ಸ್ಟೀಲ್ ಪೀಪಾಯಿಗಳು ಅವು, ಮೊಣಕಾಲಿನಷ್ಟು ಎತ್ತರ, ಈಗ ಬಿಯರ್ ತುಂಬಲು. ಮೊದಲು ಅವುಗಳಲ್ಲಿ ಗ್ಯಾಸು ಒಳಹೋಗುವ ಬಾಯಿಗೆ ಎರಡು ಪಿನ್ನು, ಬಿಯರ್ ಹೊರಬರುವ ಬಾಯಿಗೆ ಮೂರು. ಕಣ್ಣು ಮುಚ್ಚಿ ಜೋಡಿಸಿದರೂ ಅದಲುಬದಲಾಗುವಂತಿರಲಿಲ್ಲ. ಆದರೆ ಬರುವ ಶನಿವಾರ ಮಿಶೆಲ್‌ಳ ರೋಸ್. ಮದುವೆಗೆ ಮುಂಚೆ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ, ಇನ್ನೂರು ಜನ. ಅದು ನಡೆಯುವ ಚರ್ಚಿನ ಹಾಲ್‌ನಲ್ಲಿ ಒಂದು ನಲ್ಲಿ ಗ್ಯಾಸಿನ ಒತ್ತಡದ್ದು, ಇನ್ನೊಂದು ಹಳೆಯ ಕೈಪಂಪಿನದು, ಎರಡರ ಪೈಪುಗಳಿಗೂ ಪಿನ್ನಿಲ್ಲದ ಬೇರೆ ಜಾತಿಯ ಕೊಂಡಿ. ಹಾಗಾಗಿ ಮೂರೂ ಕೆಗ್ಗುಗಳ ಬಾಯಿ ಬದಲಿಸಬೇಕಾಯಿತು. ಕೈಪಂಪಿನ ಕಡೆಗೆ ಒತ್ತಡ ತಗ್ಗಿಸುವ ಪುಟ್ಟ ವಾಲ್ವೊಂದನ್ನೂ ಸೇರಿಸಬೇಕಾಯಿತು. ಇಲ್ಲದಿದ್ದರೆ ಪಂಪಿನ ಹಿಡಿ ಎಳೆಯುವ ಮೊದಲೇ ಬಿಯರ್ ತಾನಾಗಿ ಹರಿದು ನೆಲ ಸೇರುತ್ತದೆ.

ಆಸ್ವಾಲ್ಡ್ ಸಿಲಿಂಡರಿನ ಕೀಲಿಯನ್ನು ಕಾಲು ತಿರುವು ತಿರುಗಿಸಿದ. ತಳದಲ್ಲುಳಿದ ಗ್ಯಾಸು ಪೈಪುಗಳಲ್ಲಿ ಸುಯ್ಯೆಂದಿತು. ಒಂದೊಂದೇ ಬಾಯಿಗೆ ಸೋಪಿನ ನೀರು ಚಿಮ್ಮಿಸಿ ಕಾದ. ಆರು ಬಾಯಿ. ಎಲ್ಲೂ ಒಂದು ಗುಳ್ಳೆಯಿಲ್ಲ.

"ಕಂಡಿತಾ?" ಅವನ ಮುಖದಲ್ಲಿ ಹೆಮ್ಮೆ ಮಿಂಚಿತು. "ಎರಡು ಥರದ ನಲ್ಲಿಗೆ ಒಂದೇ ಕೆಗ್ಗು ಕೂತ್ಕೊಳ್ತದೆ. ಇಡೀ ಹೌನ್ಸ್ಲೋದಲ್ಲಿ ಯಾರಾದ್ರೂ ಮಾಡಿ ತೋರಿಸ್ಲಿ."

"ಹೊಗಳೋರು ಯಾರೂ ಇಲ್ಲ ಅಲ್ವಾ?"

ಅವನು ತಿರುಗಿ ನೋಡಿದ.

"ಬಿಯರ್ ಕ್ಲಬ್ಬಿನ ಸ್ಪರ್ಧೆಯಲ್ಲಿ ಕಪ್ಪು ಗೆದ್ದಿದ್ದು ಕ್ರಿಸ್ಟೋಫರ್. ಪೇಪರಲ್ಲಿ ಫೋಟೋ ಬಂದಿದ್ದು ಕ್ರಿಸ್ಟೋಫರ್‌ದು. ನಿಮ್ಮ ಹೆಸರು ಎಲ್ಲೂ ಇಲ್ಲ." ಶ್ರೀಲತಾ ಕೆಗ್ಗಿನ ಮೇಲೆ ಅಂಟಿಸಿದ್ದ ಚೀಟಿಗೆ ಟಾರ್ಚು ಬಿಟ್ಟಳು. ಕೈಬರಹದಲ್ಲಿ 'ಮೆಟಿಲ್ಡಾ' ಎಂದಿತ್ತು. "ಬಿಯರಿಗೆ ಇಟ್ಟಿರೋ ಹೆಸರು ಇದು. ಇದನ್ನ ನೋಡ್ಕೊಂಡೇ ಬಾಯಿ ಕೂರಿಸಿದ್ರಲ್ಲ, ಏನೂ ಅನ್ನಿಸಲಿಲ್ವಾ?"

"ಅನ್ನಿಸಿತು. ಮತ್ತೆ? ಕಲ್ಲಾ ನಾನು?"

"ಏನು ಅನ್ನಿಸಿತು?"

"ಹೊಟ್ಟೆ ಉರಿಯಿತು." ಅವನು ಸೋಪಿನ ಬಾಟಲಿಯನ್ನು ನೆಲಕ್ಕೆ ಕುಕ್ಕಿದ. "ಎಪ್ಪತ್ತನಾಲ್ಕರಲ್ಲಿ ಅವಳ ಮನೆಗೆ ಮೊದಲು ಪ್ರಸ್ತಾಪ ಹೋದದ್ದು ನನ್ನದು. ಇವನಿಗೆ ಲಂಡನ್ ವೀಸಾ ಉಂಟು ಅಂತ ಗೊತ್ತಾದ ಕೂಡ್ಲೇ ಇವನಿಗೆ ಕೊಟ್ರು. ಆರು ತಿಂಗಳು ಬಿಟ್ಟು ನನಗೂ ವೀಸಾ ಬಂತು. ಆರೇ ತಿಂಗಳು ಮೇಡಂ. ಅಲ್ಲಿಂದ ಇಲ್ಲಿವರೆಗೆ ಅವನ ಮನೆಯ ನಲ್ಲಿ ಹಾಳಾದ್ರೆ ನಾನು, ಬಾಯ್ಲರ್ ಹಾಳಾದ್ರೆ ನಾನು. ಬಿಯರಿಗೆ ಬಾಯಿ ಬೇಕಾದ್ರೂ ನಾನೇ."

"ಅದಕ್ಕೇ ಗ್ಯಾಸು ಬಿಟ್ರಿ."

"ಅಯ್ಯೋ, ಪೆದ್ದಿನ ಹಾಗೆ ಮಾತಾಡ್ಬೇಡಿ." ಅವನು ನಗಲು ಹೋದ, ಆಗಲಿಲ್ಲ. "ಬೆಳಗ್ಗೆ ಎದ್ದು ಹಲ್ಲುಜ್ಜುವಾಗ ನನಗೆ ನೆನಪಾಗುದು ಅವನ ಮುಖ. ಅವ ಹೊಸ ಕಾರು ತಗೊಂಡ್ರೆ ನಾನು ಓವರ್‌ಟೈಮ್ ಮಾಡ್ತೇನೆ. ಅವ ತೂಕ ಇಳಿಸಿದ್ರೆ ನಾನು ಅನ್ನ ಬಿಡ್ತೇನೆ. ಅವ ಸತ್ತ್ರೆ ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಡುದು? ಅಷ್ಟು ವರ್ಷದ್ದು ಎಲ್ಲಿಗೆ ತಗೊಂಡು ಹೋಗುದು?"

ಅವನು ಸುಳ್ಳು ಹೇಳುತ್ತಿಲ್ಲ ಎಂದು ಶ್ರೀಲತಾಳಿಗೆ ಗೊತ್ತಾಯಿತು, ಯಾಕೆಂದರೆ ಆ ಲೆಕ್ಕಾಚಾರ ಅವಳಿಗೂ ಪರಿಚಿತ. ಎರಡು ವರ್ಷದಿಂದ ಅವಳೂ ಬೇರೊಬ್ಬಳ ನೀರುದೋಸೆಯ ತೆಳುವನ್ನು ಕಾವಲಿಯ ಮೇಲೆ ಅಳೆಯುತ್ತ ಬಂದವಳು.

ಮೆಟ್ಟಿಲ ಮೇಲೆ ನೆರಳು ಬಿತ್ತು. ಮೆಟಿಲ್ಡಾ ಟ್ರೇ ಹಿಡಿದು ನಿಂತಿದ್ದಳು. ಅತ್ತು ಬಾತಿದ್ದ ಕಣ್ಣು, ಬಾಚಿ ಗಂಟು ಹಾಕಿದ ಕೂದಲು. ಪಾತ್ರೆ ತೊಳೆಯುವ ಹಳದಿ ರಬ್ಬರ್ ಗ್ಲವುಸು ಕೈಯಲ್ಲೇ ಇದ್ದವು. ಬೆಳಗ್ಗೆ ಬಾಗಿಲು ತೆರೆದಾಗಲೂ ಅವು ಇದ್ದವು. ಸಿಂಕಿನ ಮುಂದೆ ನಿಂತುಬಿಟ್ಟರೆ ಅಳು ಬರುವುದಿಲ್ಲ ಎಂದಿದ್ದಳು.

"ಚಾ ತಗೊಳ್ಳಿ. ಒಳಗೆ ತಂಪುಂಟು."

ಶ್ರೀಲತಾಳಿಗೆ ಬಂದದ್ದು ನೀಲಿ ಕಪ್ಪು.

"ಅದು ಡಾಕ್ಟ್ರ ಕಪ್ಪು," ಎಂದಳು ಮೆಟಿಲ್ಡಾ, ತುಸು ನಕ್ಕು. "ಬೇರೆದ್ರಲ್ಲಿ ಕೊಟ್ರೆ ಅವರಿಗೆ ಆಗುದಿಲ್ಲ. ಮೊನ್ನೆ ಗುರುವಾರ ಸಹ ಕೇಳಿ…"

ಅಲ್ಲಿಗೇ ನಿಲ್ಲಿಸಿದಳು. ಟ್ರೇಯ ಅಂಚಿನಲ್ಲಿ ಹಳದಿ ಬೆರಳು ಬಿಗಿಯಾಯಿತು.

"ಮೊನ್ನೆ ಗುರುವಾರ ಬಂದಿದ್ರಾ?" ಶ್ರೀಲತಾ ಆದಷ್ಟು ಹಗುರಾಗಿ ಕೇಳಿದಳು.

"ಐದು ನಿಮಿಷ. ಕ್ರಿಸ್ಟೋಫರ್ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಇಲ್ಲಿ ಸ್ವಲ್ಪ ನೋಡಿ ಹೋದ್ರು." ಅವಳು ಆಗಲೇ ತಿರುಗಿ ಹುಲ್ಲಿನ ಮೇಲೆ ಹೆಜ್ಜೆ ಹಾಕುತ್ತಿದ್ದಳು. "ಒಲೆ ಮೇಲೆ ಹಾಲು ಉಂಟು."

ಈ ಗುರುವಾರ ಹೌನ್ಸ್ಲೋ ಇಲ್ಲ, ಡ್ಯೂಟಿ ಬಿದ್ದದ ಎಂದು ಉದಯಶಂಕರ್ ಹೇಳಿದ್ದ. ಅವನಿಗೆಂದು ಅವಳು ಊಟ ಮುಚ್ಚಿಟ್ಟಿದ್ದಳು. ಬಂದವನು ಹಸಿವಿಲ್ಲ ಎಂದಿದ್ದ.

ನೀಲಿ ಕಪ್ಪಿನ ಅಂಚು ಅವಳ ತುಟಿಗೆ ತಾಗಿತು. ಚಹಾ ಕುಡಿಯದೆ ಕೆಳಗಿಟ್ಟಳು.

"ಮೇಡಂ," ಎಂದ ಆಸ್ವಾಲ್ಡ್. ದನಿ ಬದಲಾಗಿತ್ತು. "ಇಲ್ಲಿ ನೋಡಿ."

ಅವನು ಕೊನೆಯದಾಗಿ ಸಿಲಿಂಡರಿನ ಕುತ್ತಿಗೆಗೆ ಸೋಪಿನ ನೀರು ಬಿಟ್ಟಿದ್ದ. ರೆಗ್ಯುಲೇಟರನ್ನು ಸಿಲಿಂಡರಿಗೆ ಬಿಗಿಯುವ ದಪ್ಪ ಹಿತ್ತಾಳೆಯ ನಟ್ಟು. ಅದರ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೊಂದು ಹುಟ್ಟಿ ಒಡೆಯುತ್ತಿದ್ದವು. ಶಬ್ದವಿಲ್ಲ.

"ಇದನ್ನ ಜೋಡಿಸಿದ್ದು ಯಾರು?"

"ನಾನು." ಅವನು ಕೀಲಿ ತಿರುಗಿಸಿ ಗ್ಯಾಸು ನಿಲ್ಲಿಸಿದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಬುಧವಾರ. ಗ್ರಹಣದ ದಿವಸ. ಹನ್ನೊಂದು ಇಪ್ಪತ್ತಕ್ಕೆ ಮಬ್ಬು ಕತ್ತಲೆ ಬಂತಲ್ಲ, ಎಲ್ಲ ಹೊರಗೆ ಕನ್ನಡಕ ಹಾಕಿ ಆಕಾಶ ನೋಡ್ತಿದ್ರು, ನಾನು ಇಲ್ಲಿ ಟಾರ್ಚು ಬಾಯಲ್ಲಿ ಕಚ್ಚಿ ಇದನ್ನು ಬಿಗಿದದ್ದು. ಹೊಸ ವಾಷರ್ ಹಾಕಿ. ಸೋಪು ಹಾಕಿ ನೋಡಿ. ಒಂದು ಗುಳ್ಳೆ ಇರಲಿಲ್ಲ."

"ಅಂತ ನೀವು ಹೇಳ್ತೀರಿ."

"ನಾನು ಹೇಳುದಲ್ಲ. ನನ್ನ ಗೆರೆ ಹೇಳ್ತದೆ. ಟಾರ್ಚು ಇಲ್ಲಿ ಹಿಡೀರಿ."

ನಟ್ಟಿನಿಂದ ಸಿಲಿಂಡರಿನ ಕುತ್ತಿಗೆಯವರೆಗೆ ಅಡ್ಡಲಾಗಿ ಒಂದು ಪುಟ್ಟ ಕೆಂಪು ಗೆರೆ. ಶ್ರೀಲತಾ ಅದನ್ನು ಬೆಳಗ್ಗೆಯೂ ನೋಡಿ, ಕಂಪನಿಯ ಗುರುತಿರಬೇಕು ಎಂದುಕೊಂಡಿದ್ದಳು.

"ಏರ್‌ಪೋರ್ಟಿನ ಅಭ್ಯಾಸ," ಎಂದ ಆಸ್ವಾಲ್ಡ್. "ವಿಮಾನದ ನಟ್ಟು ಬಿಗಿದ ಮೇಲೆ ಅದರ ಮೇಲೆ ಅಡ್ಡಕ್ಕೆ ಬಣ್ಣದ ಗೆರೆ ಎಳೀತೇವೆ, ಅರ್ಧ ನಟ್ಟಿನ ಮೇಲೆ, ಅರ್ಧ ಬಾಡಿ ಮೇಲೆ. ಯಾರಾದ್ರೂ ಕೂದಲಿನಷ್ಟು ತಿರುಗಿಸಿದ್ರೂ ಗೆರೆ ತುಂಡು. ಅಲ್ಲಿಯ ಬಣ್ಣ ಮನೆಗೆ ತರ್ಲಿಕ್ಕಿಲ್ಲ. ಹಾಗಾಗಿ ನಾನು ಹೆಂಗಸರ ನೇಲ್ ಪಾಲಿಶ್ ತಗೊಂಡಿದ್ದೇನೆ. ಹೈ ಸ್ಟ್ರೀಟಿನ ಅಂಗಡಿಯ ಹುಡುಗಿ ಪ್ರತಿ ಸಲ ಕೇಳ್ತಾಳೆ, ನಿಮ್ಮ ಬಣ್ಣವಾ ಅಂತ."

"ಕ್ರಿಸ್ಟೋಫರ್‌ಗೆ ಗೊತ್ತಿತ್ತಾ ಇದು?"

"ಅವನಿಗೆ ಇದೇ ಬೈಬಲ್. ನನ್ನ ಮೇಲೆ ಎಷ್ಟು ತಮಾಷೆ ಮಾಡಿದ್ರೂ ಗೆರೆ ನೋಡದೆ ಗ್ಯಾಸು ತೆರೀತಿರಲಿಲ್ಲ. ಗೆರೆ ಸರಿ ಉಂಟಾ, ಆಸ್ವಾಲ್ಡ್ ಮುಟ್ಟಿದ ಮೇಲೆ ಯಾರೂ ಮುಟ್ಟಲಿಲ್ಲ, ಮುಗೀತು. ಸೋಪು ಸಹ ಹಾಕ್ತಿರಲಿಲ್ಲ."

"ಈಗಲೂ ಗೆರೆ ನೆಟ್ಟಗೇ ಇದೆಯಲ್ಲ."

"ನೆಟ್ಟಗೆ ಉಂಟು," ಎಂದ ಆಸ್ವಾಲ್ಡ್. "ಆದ್ರೆ ಅದು ನನ್ನ ಗೆರೆ ಅಲ್ಲ."

ಜೇಬಿನಿಂದ ಗಡಿಯಾರ ರಿಪೇರಿಯವರ ಭೂತಗನ್ನಡಿ ತೆಗೆದು ಅವಳ ಕೈಗಿಟ್ಟ. ಬೆರಳ ತುದಿಯಿಂದ ತೋರಿಸಿದ, ಮುಟ್ಟದೆ.

ಕನ್ನಡಿಯಲ್ಲಿ ಹಿತ್ತಾಳೆ ಬೆಟ್ಟದಷ್ಟಾಯಿತು. ಸಿಲಿಂಡರಿನ ಕುತ್ತಿಗೆಯ ಮೇಲೆ ಕೆಂಪು ಗೆರೆಯ ಪಕ್ಕದಲ್ಲಿ, ಹೆರೆದು ತೆಗೆಯಲು ನೋಡಿ ಬಿಟ್ಟ ಇನ್ನೊಂದು ಕೆಂಪಿನ ಚೂರಿತ್ತು, ಅಂಗಡಿಯ ತೆಳು ಕೆಂಪು. ಅದರ ಜೋಡಿಯ ಚೂರು ನಟ್ಟಿನ ಮೇಲಿತ್ತು, ಆದರೆ ಅರ್ಧ ಸುತ್ತು ಆಚೆ.

"ನೋಡಿದ್ರಾ? ನಟ್ಟು ನಾನು ಬಿಗಿದದ್ದಕ್ಕಿಂತ ಅರ್ಧ ಸುತ್ತು ಹೆಚ್ಚು ಒಳಗೆ ಹೋಗಿದೆ. ನಾನು ಬಿಗಿದ ಮೇಲೆ ಅದು ಒಳಗೆ ಹೋಗ್ಲಿಕ್ಕೆ ಜಾಗವೇ ಇಲ್ಲ. ಹೋಗಿದೆ ಅಂದ್ರೆ ಮಧ್ಯೆ ಇದ್ದದ್ದು ಇಲ್ಲ."

"ವಾಷರ್."

"ವಾಷರ್. ನಟ್ಟು ಬಿಚ್ಚಿ ತೆಗ್ದಿದ್ದಾರೆ. ಮತ್ತೆ ಬಿಗಿದಿದ್ದಾರೆ. ಲೋಹಕ್ಕೆ ಲೋಹ ಕೂತ್ರೆ ಸದ್ದಾಗುದಿಲ್ಲ, ನಿಧಾನ ಸೋರ್ತದೆ. ಆಮೇಲೆ ನನ್ನ ಗೆರೆ ಕೆರೆದು, ಅದೇ ಥರ ಹೊಸ ಗೆರೆ. ಕ್ರಿಸ್ಟೋಫರ್ ನೋಡ್ಬೇಕಲ್ಲ! ನೋಡಿ, ಸರಿ ಉಂಟು ಅಂತ, ಗ್ಯಾಸು ತೆರೀಬೇಕಲ್ಲ!" ಅವನು ನಟ್ಟಿನತ್ತ ಬೆರಳು ತೋರಿದ. "ನನ್ನ ಗೆರೆಯನ್ನೇ ಕಳ್ಳತನ ಮಾಡಿದ್ದಾರೆ ಮಾರಾಯ್ರೆ."

ಶ್ರೀಲತಾ ಕನ್ನಡಿ ಸರಿಸಿದಳು. ಹೊಸ ಗೆರೆ. ಹತ್ತಿರದಿಂದ ಅದು ಕೆಂಪಲ್ಲ, ಕಂದುಗೆಂಪು. ಟಾರ್ಚಿನ ಬೆಳಕಿಗೆ ಅದರೊಳಗೆ ಚಿನ್ನದ ಹುಡಿ ಮಿನುಗಿತು.

"ಇನ್ನೊಂದು ಉಂಟು," ಎಂದ ಆಸ್ವಾಲ್ಡ್ ಅವಳ ಕಿವಿಯ ಬಳಿಯೇ. "ಗೆರೆಯ ನಡು ನೋಡಿ. ಖಾಲಿ ಬಿಟ್ಟಿದೆ, ಅಲ್ಲ? ಎರಡು ಸಣ್ಣ ಗೆರೆ ಒಟ್ಟಿಗೆ ಹೋದ ಹಾಗೆ. ಬ್ರಶ್ಶು ಸೀಳಿದೆ. ಆ ಸೀಳು ಬ್ರಶ್ಶು ಯಾರ ಮನೆಯಲ್ಲಿ ಉಂಟೋ, ಅವರೇ. ಪೊಲೀಸರಿಗೆ ಇಷ್ಟು ತೋರಿಸಿದ್ರೆ ನಾನು ಉಳೀತೇನೆ."

ಶ್ರೀಲತಾಳ ಎಡಗೈ ತಾನಾಗಿ ಜಾಕೆಟ್ಟಿನ ಜೇಬಿನೊಳಗೆ ಹೋಯಿತು. ಕನ್ನಡಿ ಹಿಡಿದ ಬಲಗೈಯ ಬೆರಳುಗಳನ್ನು ಒಳಕ್ಕೆ ಮಡಚಿಕೊಂಡಳು.

"ಎಂತ ಆಯ್ತು? ಮುಖ ಬಿಳಿಚಿತು."

"ಏನಿಲ್ಲ. ಗಾಳಿ ಸಾಲದು ಇಲ್ಲಿ."

"ಹೊರಗೆ ಬನ್ನಿ."

"ಬೇಡ. ಇದನ್ನ ಬಿಟ್ಟು ಇಬ್ಬರೂ ಹೋಗೋದು ಸರಿಯಲ್ಲ."

ಆಸ್ವಾಲ್ಡ್ ತಲೆಯಾಡಿಸಿದ. ಮುಖದ ಗಂಟುಗಳೆಲ್ಲ ಸಡಿಲಾಗಿದ್ದವು. ಎರಡು ದಿನದಿಂದ ಮೊದಲ ಬಾರಿಗೆ ಯಾರೋ ತನ್ನ ಮಾತು ಕೇಳಿದ್ದಾರೆ ಎಂಬಂತಿತ್ತು. "ಹಾಗಾದ್ರೆ ನೀವು ಇಲ್ಲೇ ನಿಲ್ಲಿ. ಯಾರನ್ನೂ ಮುಟ್ಲಿಕ್ಕೆ ಬಿಡ್ಬೇಡಿ. ನಾನು ಮುಂದೆ ಹೋಗಿ ಒಂದು ಸಿಗರೇಟು ಸೇದಿ ಬರ್ತೇನೆ. ಹಿತ್ತಲಲ್ಲಿ ಸೇದಿದ್ರೆ ಮೆಟಿಲ್ಡಾಗೆ ಆಗುದಿಲ್ಲ." ಮೆಟ್ಟಿಲೇರಿದವನು ನಿಂತ. "ಪೊಲೀಸ್ ಕೇಸಾಗಿ ಏರ್‌ಪೋರ್ಟಿನ ಒಳಗೆ ಹೋಗುವ ಪಾಸು ಹೋದ್ರೆ ನನ್ನ ಹತ್ತಿರ ಮತ್ತೆ ಏನೂ ಉಳಿಯುದಿಲ್ಲ ಮೇಡಂ. ಥ್ಯಾಂಕ್ಸ್ ಆಯ್ತಾ."

ಅವನ ಹೆಜ್ಜೆ ದೂರವಾಯಿತು. ಗಂಟೆ ಎರಡೂ ನಲವತ್ತು.

ಕೋಣೆಯ ತಳದಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮೂರನೆಯ ಮೆಟ್ಟಿಲಲ್ಲಿ, ಕ್ರಿಸ್ಟೋಫರ್‌ನ ತಲೆಯಿದ್ದ ಕಡೆ, ಒಂದು ಗೀಟು ಬಂತು. ಅಲ್ಲೇ ಕೂತು ಗಂಡನಿಗೆ ಫೋನು ಮಾಡಿದಳು.

"ಹೇಳು," ಎಂದ ಉದಯಶಂಕರ್. ಹಿಂದೆ ಟ್ರಾಲಿಯ ಗಾಲಿಗಳ ಸದ್ದು. "ಜಲ್ದಿ ಹೇಳು, ಇನ್ನೊಂದು ಕೇಸ್ ಅದ."

"ಗುರುವಾರ ಎಲ್ಲಿದ್ರಿ?"

"ಏನಿದು ಈಗ? ಹೇಳಿದ್ನಲ್ಲಾ, ಡ್ಯೂಟಿ ಇತ್ತು."

"ಹೌನ್ಸ್ಲೋಗೆ ಬರಲಿಲ್ಲ?"

ಗಾಲಿಗಳ ಸದ್ದು ಹಾದುಹೋಯಿತು. "ಇಲ್ಲಲಾ. ಯಾಕ ಕೇಳ್ತಿ? ಅಲ್ಲಿ ಯಾರರ ಏನರ ಅಂದ್ರೇನು?"

"ಯಾರೂ ಏನೂ ಅನ್ನಲಿಲ್ಲ. ನನ್ನ ನೇಲ್ ಪಾಲಿಶ್ ಕಂಡಿರಾ?"

"ಏನ್ ಹುಚ್ಚಿ ಇದ್ದೀ ನೀ! ಅಂವ ಅಲ್ಲಿ ಸಾಯ್ಲಿಕ್ಹತ್ತ್ಯಾನ, ನೀ ನೇಲ್ ಪಾಲಿಶ್ ಅಂತಿ." ನಕ್ಕ. ಮತ್ತೆ ಮೆತ್ತಗೆ, "ಭಾಳ ತಲಿ ಕೆಡಿಸ್ಕೋಬ್ಯಾಡ ಲತಾ. ಮನಿಗೆ ಹೋಗು," ಎಂದ.

ಹದಿನೆಂಟು ವರ್ಷದಲ್ಲಿ ಅವನು ಅವಳನ್ನು ಲತಾ ಎಂದು ಕರೆದದ್ದು ಎಣಿಸಿದಷ್ಟು ಸಲ. ಪ್ರತಿ ಸಲವೂ ಏನನ್ನೋ ಮುಚ್ಚುವಾಗ.

ಫೋನು ಇಟ್ಟ ಮೇಲೆ ಅವಳು ಮನಸ್ಸನ್ನು ತನಗೆ ಗೊತ್ತಿದ್ದ ದಾರಿಗೆ ಎಳೆದಳು. ಅವನು ಮೆಟಿಲ್ಡಾಳಿಗೆ ಆ ಬಾಟಲಿ ಕೊಟ್ಟಿರಬೇಕು. ಅವಳ ಬೆರಳಿಗೆ ತಾನೇ ಹಚ್ಚಿರಬೇಕು, ಆ ತೊಳೆದಿಟ್ಟ ಅಡುಗೆಮನೆಯಲ್ಲಿ ಕೂತು, ನೀಲಿ ಕಪ್ಪಿನಲ್ಲಿ ಚಹಾ ಕುಡಿಯುತ್ತ. ಎರಡು ವರ್ಷ ಅವಳು ಇಂಥದ್ದೇ ಚಿತ್ರಗಳನ್ನು ಕಟ್ಟಿ ನಿದ್ದೆಗೆಟ್ಟಿದ್ದಳು. ಈಗ ಬೇಕೆಂದರೂ ಚಿತ್ರ ನಿಲ್ಲುತ್ತಿರಲಿಲ್ಲ. ಹೆಂಡತಿಯ ಅರ್ಧ ಒಣಗಿದ, ಬ್ರಶ್ಶು ಸೀಳಿದ ಬಾಟಲಿಯನ್ನು ಯಾವ ಗಂಡಸೂ ಪ್ರೇಯಸಿಗೆ ಉಡುಗೊರೆ ಕೊಡುವುದಿಲ್ಲ. ಅದನ್ನು ಸ್ಪ್ಯಾನರ್ ಒಯ್ದಂತೆ ಒಯ್ಯುತ್ತಾನೆ.

ಮರೆತಿರಬಹುದೇ? ನಟ್ಟು ಬಿಚ್ಚಿ ಏನೋ ನೋಡಿ, ವಾಷರ್ ಹಾಕಲು ಮರೆತು, ಬೈಸಿಕೊಳ್ಳಬಾರದೆಂದು ಗೆರೆ ಎಳೆದಿರಬಹುದೇ?

ಮದುವೆಯಾಗಿ ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಉದಯಶಂಕರ್ ಆಸ್ಪತ್ರೆಯಿಂದ ಒಂದು ಪುಟ್ಟ ಕರಿಯ ವಾಷರ್ ತಂದು ಊಟದ ಮೇಜಿನ ಮೇಲಿಟ್ಟಿದ್ದ. ಗ್ಯಾಸಿನ ಸಿಲಿಂಡರಿಗೂ ಯಂತ್ರಕ್ಕೂ ನಡುವೆ ಕೂರುವಂಥದ್ದು. "ಇದಿಲ್ಲಾ ಅಂದ್ರ ಗ್ಯಾಸೆಲ್ಲಾ ಹೊರಗ ಹೋಗ್ತದ," ಎಂದಿದ್ದ. "ಪೇಶೆಂಟಿನ ಮುಖಾ ನೋಡೂಕಿಂತ ಮೊದಲ ನಾ ಇದನ್ನ ನೋಡ್ತೀನಿ." ಅಂದಿನಿಂದ ಪ್ರತಿ ಬೆಳಗ್ಗೆ ಅದನ್ನು ಬೆರಳಿನಿಂದ ಮುಟ್ಟಿ ನೋಡಿಯೇ ಕೆಲಸ ಶುರುಮಾಡುವವನು.

ಅವನು ಹುಟ್ಟುಹಬ್ಬ ಮರೆಯುತ್ತಾನೆ. ಊಟ ಮರೆಯುತ್ತಾನೆ. ವಾಷರ್ ಮರೆಯುವುದಿಲ್ಲ.

ದೇವರೇ, ಬರೀ ಪ್ರೇಮವಾಗಿದ್ದಿದ್ದರೆ, ಎಂದುಕೊಂಡಳು ಶ್ರೀಲತಾ. ಆ ಮಾತು ತನ್ನದೇ ಎಂದು ತಿಳಿಯಲು ಅವಳಿಗೆ ಕ್ಷಣ ಹಿಡಿಯಿತು.

ಎರಡೂ ಐವತ್ತು.

ಎದ್ದು ಕೆಳಗಿಳಿದಳು. ನಟ್ಟಿನ ಮೇಲೆ ಗೆರೆ ಪುಟ್ಟ ಗಾಯದಂತೆ ಕೂತಿತ್ತು, ಅಕ್ಕಿಕಾಳಿನಷ್ಟು ಉದ್ದ. ಅದಿದ್ದರೆ ಪೊಲೀಸರು ಸೀಳು ಬ್ರಶ್ಶನ್ನು ಹುಡುಕುತ್ತಾರೆ. ಅವಳ ಉಗುರನ್ನು ನೋಡಿದರೆ ಸಾಕು, ಹುಡುಕುವುದೂ ಬೇಡ. ಅದಿಲ್ಲದಿದ್ದರೆ ಉಳಿಯುವುದು ಆಸ್ವಾಲ್ಡ್‌ನ ಗೆರೆಯ ಚೂರು, ಆಸ್ವಾಲ್ಡ್‌ನ ನಟ್ಟು, ಆಸ್ವಾಲ್ಡ್‌ನ ಇಪ್ಪತ್ತೈದು ವರ್ಷ. ಇನ್ನೊಂದು ಗೆರೆಯಿತ್ತೆಂದು ಅವನು ಬಾಯಿ ಬಡಿದುಕೊಂಡರೂ ಸಾಕ್ಷಿ ಅವಳೊಬ್ಬಳೇ.

ಬ್ಯಾಗು ತೆರೆದಳು. ರಿಮೂವರ್ ಬಾಟಲಿಯ ಸೀಲು ಒಡೆದಳು. ಕರವಸ್ತ್ರದ ತುದಿಗೆ ಸುರಿದಾಗ ಅದರ ಗಬ್ಬು ವಾಸನೆ ತಗ್ಗು ಸೂರಿಗೆ ಬಡಿದು ಮೂಗು ತುಂಬಿತು. ಉಗುರಿಗೆ ಅಂತ ತಂದದ್ದು, ಉಗುರನ್ನೇ ಒರೆಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಕೈ ಮಾತ್ರ ನಟ್ಟಿನ ಕಡೆಗೆ ಹೋಯಿತು. ಒದ್ದೆ ಬಟ್ಟೆಗೂ ಗೆರೆಗೂ ನಡುವೆ ಬೆರಳಗಲದ ಜಾಗ ಉಳಿದಾಗ ನಿಂತಿತು. "ಥ್ಯಾಂಕ್ಸ್ ಆಯ್ತಾ" ಎಂದಿದ್ದ ಆಸ್ವಾಲ್ಡ್.

ಮೆಟ್ಟಿಲ ಮೇಲೆ ಬೆಳಕು ಕುಗ್ಗಿತು.

ಮೆಟಿಲ್ಡಾ ಇಳಿದು ಬರುತ್ತಿದ್ದಳು, ಒಂದೊಂದೇ ಮೆಟ್ಟಿಲು, ಗೋಡೆಗೆ ಕೈಯೂರಿ. ಖಾಲಿ ಕಪ್ಪುಗಳಿಗೆ ಬಂದಿರಬೇಕು. ಈ ಸಲ ಗ್ಲವುಸು ಇರಲಿಲ್ಲ. ಇಟ್ಟಿಗೆಯ ಮೇಲೆ ಚಾಚಿದ ಬೆರಳುಗಳು ತೊಳೆದು ಬಿಳಿಚಿದ್ದವು. ಐದೂ ಉಗುರಿಗೆ ಚಿನ್ನದ ಪುಡಿ ಬೆರೆತ ಕಂದುಗೆಂಪು. ಪ್ರತಿ ಉಗುರಿನ ನಡುವೆ ಕೂದಲೆಳೆಯಷ್ಟು ಬರಿಜಾಗ.

ಎರಡು ಮೆಟ್ಟಿಲು ಇಳಿದು ನಿಂತು ಅವಳು ಕರವಸ್ತ್ರ ನೋಡಿದಳು. ನಟ್ಟು ನೋಡಿದಳು. ಬಾತ ಕಣ್ಣುಗಳಲ್ಲಿ ಗಾಬರಿ ಇರಲಿಲ್ಲ.

"ಒರಸಿ ಶ್ರೀಲತಾ," ಎಂದಳು ಮೆಲ್ಲಗೆ. "ನಾನು ಎಂತದೂ ನೋಡ್ಲಿಲ್ಲ."

ಮತ್ತೆ ಹಿಂದಕ್ಕೆ ಕೈ ಚಾಚಿ ಬಾಗಿಲು ಮುಚ್ಚಿದಳು.